ಮಳೆಗಾಲಕ್ಕೆ ಕಾಯಬೇಡಿ: ಹುಲೇಕಲ್ ಕಡೆಯ ಕೀಟ ನಡಿಗೆ

ಶಿರಸಿ ಕಡೆ ಹುಳಹುಪ್ಪಟೆ ನೋಡಲು ಹೋಗುತ್ತೇನೆ ಅಂದರೆ ಎಲ್ಲರದ್ದೂ ಒಂದೇ ಮಾತು. ಮಳೆಗಾಲ ಮುಗಿಯಲಿ, ಸೆಪ್ಟೆಂಬರಿನಲ್ಲಿ ಹೋಗಿ, ಈಗ ಅಲ್ಲಿ ಎಂತ ಇದೆ, ಬರೀ ಧೂಳು. ಕುಮಟಾದ ನನ್ನ ಹೊಲಿಗೆ ಅಂಗಡಿಗೆ ಬರುವ, ಘಟ್ಟದ ಮೇಲೆ ನೆಂಟರಿರುವ ಹೆಂಗಸರೂ ಇದನ್ನೇ ಹೇಳಿದರು. ನಾನು ಹೋಗಿದ್ದು ಹೋಳಿ ಹುಣ್ಣಿಮೆ ಕಳೆದು ಯುಗಾದಿ ಇನ್ನೂ ಬಾರದ ದಿನಗಳಲ್ಲಿ. ದೀಪಾವಳಿ ಆದ ಮೇಲೆ ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬ್ಯಾಣದ ಹುಲ್ಲು ಪೂರ್ತಿ ಒಣಗಿತ್ತು, ಹಳ್ಳ ಹರಿಯುವುದು ನಿಂತು ಅಲ್ಲಲ್ಲಿ ಗುಂಡಿಯಾಗಿ ಉಳಿದಿತ್ತು. ಹೋಗಿ ಬಂದು ಹೇಳುತ್ತಿದ್ದೇನೆ, ಈ ನಡಿಗೆಗೆ ಒಣಗಾಲವೇ ಒಳ್ಳೆಯ ಕಾಲ. ಮಳೆ ಬಿದ್ದ ಮೇಲೆ ಕೀಟ ಎಲ್ಲೆಲ್ಲೂ ಇರುತ್ತದೆ, ಕಣ್ಣಿಗೆ ಬಿದ್ದದ್ದನ್ನು ನೋಡಿ ಮುಂದೆ ಹೋಗುತ್ತೇವೆ. ಒಣಗಾಲದಲ್ಲಿ ಅದು ಎಲ್ಲಿರಬಹುದು ಎಂದು ಮೊದಲು ಯೋಚಿಸಬೇಕು. ನೀರೆಲ್ಲಿ ಉಳಿದಿದೆ, ತಂಪೆಲ್ಲಿದೆ, ಈಗ ಯಾವ ಮರ ಹೂಬಿಟ್ಟಿದೆ, ಎಂತದು ಚಿಗುರಿದೆ? ಹಾಗೆ ಯೋಚಿಸುವುದನ್ನು ಕಲಿಸುವವರು ಸಿಕ್ಕಿದರೆ ಕೊಟ್ಟ ದುಡ್ಡು ಸಾರ್ಥಕ. ನನಗೆ ಸಿಕ್ಕಿದರು.

ಈ ನಡಿಗೆ ನಡೆಸುವುದು ಶಿರಸಿ ಹತ್ತಿರದ ಹುಲೇಕಲ್ ಕಡೆಯ ಒಂದು ಅಡಿಕೆ ತೋಟದ ಮನೆಯವರು. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಶನಿವಾರ ಭಾನುವಾರಕ್ಕೆ ಕಾರುಗಳ ಸಾಲು ಬಂದು ನಿಂತರೆ ಬೆಟ್ಟ ತಡೆಯುವುದಿಲ್ಲ ಎನ್ನುವ ಭಯ ಅವರಿಗೆ. ಆ ಭಯ ಸರಿಯಾದದ್ದೇ, ಹಾಗಾಗಿ ನಾನೂ ಹಾಕುವುದಿಲ್ಲ. ನಿಜವಾಗಿ ಬೇಕಾದವರು ಹುಲೇಕಲ್ಲಿನಲ್ಲಿ ಹುಳ ತೋರಿಸುವವರ ಮನೆ ಎಲ್ಲಿ ಎಂದು ಕೇಳಿದರೆ ದಾರಿ ಹೇಳುತ್ತಾರೆ. ಕರೆದುಕೊಂಡು ಹೋಗುವುದು ಮನೆಯ ಮಗ, ಮೂವತ್ತರ ಆಸುಪಾಸಿನವರು, ತೋಟದ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಾರೆ. ದೊಡ್ಡವರಿಗೆ ₹700, ಮಕ್ಕಳಿಗೆ ₹350, ಬೆಳಗಿನ ತಿಂಡಿ ಅದರಲ್ಲೇ ಬಂತು. ರಾತ್ರಿ ನಡಿಗೆಗೆ ಇನ್ನೂ ₹300. ಉಳಿಯಲು ಕೋಣೆ ಬೇಕಾದರೆ ಮೊದಲೇ ಹೇಳಬೇಕು.

ನನ್ನ ಜೊತೆ ತಂಗಿಯ ಮಗಳು ಬಂದಿದ್ದಳು, ಏಳನೇ ಇಯತ್ತೆ. ನಡಿಗೆಯ ಬಗ್ಗೆ ಮಾತಾಡುವ ಮೊದಲು ಅಂಗಳದಲ್ಲಿ ನಡೆದದ್ದನ್ನು ಹೇಳಬೇಕು, ಯಾಕೆಂದರೆ ನಾನು ಈ ಮನೆಯವರಿಗೆ ಅತಿ ಹೆಚ್ಚು ಅಂಕ ಕೊಡುವುದು ಅದಕ್ಕೇ. ಮನೆಯ ಮಗ ಎಲ್ಲರನ್ನೂ ಜಗುಲಿಯ ಮೇಲೆ ಕೂರಿಸಿ ಮೊದಲು ಮಾತಾಡಿದ್ದು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ಬಗ್ಗೆ. ಮಂಗನ ಕಾಯಿಲೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಾದ ಈ ವೈರಸ್ಸು ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಎಷ್ಟೋ ಮನೆಗಳನ್ನು ನೋಯಿಸಿದೆ. ಹರಡುವುದು ಉಣುಗಿನಿಂದ. ಅದರ ಮರಿಗಳು ತರಗೆಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾದು ಕೂರುವುದು ಚಳಿಗಾಲದಿಂದ ಮೇ ತನಕದ ಈ ಒಣ ತಿಂಗಳುಗಳಲ್ಲೇ. ಅಂದರೆ ಕೀಟ ನೋಡಲು ನಾನು ಒಳ್ಳೆಯದು ಎನ್ನುತ್ತಿರುವ ಕಾಲವೇ ಉಣುಗಿಗೂ ಕಾಲ. ಇದನ್ನು ಮುಚ್ಚಿಟ್ಟು ಜನರನ್ನು ಕಾಡಿಗೆ ಕರೆದೊಯ್ಯುವವರನ್ನು ನಂಬಬಾರದು.

ಇವರು ಮುಚ್ಚಿಡಲಿಲ್ಲ. ಈ ವರ್ಷ ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇಲ್ಲ, ಇದ್ದಿದ್ದರೆ ನಿಮಗೆ ಫೋನ್ ಮಾಡಿ ಬರಬೇಡಿ ಅನ್ನುತ್ತಿದ್ದೆ ಅಂದರು. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯ ಬಾಟಲಿ ತಂದು ಕೈಕಾಲಿಗೆ ಹಚ್ಚಿಸಿದರು. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಬೇಕು, ತೋಳು ಪೂರ್ತಿ ಮುಚ್ಚಬೇಕು, ಬಣ್ಣ ತಿಳಿಯಾಗಿದ್ದರೆ ಉಣುಗು ಹತ್ತಿದ್ದು ಕಾಣುತ್ತದೆ. ಚೂಡಿದಾರದಲ್ಲಿ ಬಂದ ಒಬ್ಬರಿಗೆ ಮನೆಯ ಅಮ್ಮ ತಮ್ಮ ಮಗನ ಹಳೆಯ ಪ್ಯಾಂಟು ಕೊಟ್ಟರು. ನೆಲದ ಮೇಲೆ, ತರಗೆಲೆಯ ಮೇಲೆ ಕೂರುವಂತಿಲ್ಲ. ವಾಪಸು ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಎರಡು ವಾರದೊಳಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ ಕಾಡಿಗೆ ಹೋಗಿದ್ದೆ ಎಂದು ಮೊದಲು ಹೇಳಿ ಎಂದು ಇನ್ನೊಮ್ಮೆ ನೆನಪಿಸಿದರು. ಇದಕ್ಕೆಲ್ಲ ಅರ್ಧ ತಾಸು ಹಿಡಿಯಿತು. ಬೆಂಗಳೂರಿನಿಂದ ಬಂದ ಒಬ್ಬರು ಹೊತ್ತಾಗುತ್ತದೆ ಎಂದು ಗೊಣಗಿದರು. ನನಗೆ ಆ ಅರ್ಧ ತಾಸಿನಿಂದಲೇ ಹುಡುಗಿಯನ್ನು ಧೈರ್ಯವಾಗಿ ಮುಂದೆ ಬಿಡಲು ಆಯಿತು.

ಆಗಲೇ ಹುಡುಗಿ ಕೇಳಿದಳು, ಉಣುಗೂ ಕೀಟವಾ? ಅವರು ಉತ್ತರ ಹೇಳಲಿಲ್ಲ. ಕಾಲು ಎಣಿಸಲು ಕಲಿ, ಮಧ್ಯಾಹ್ನದೊಳಗೆ ನೀನೇ ಹೇಳುತ್ತೀ ಅಂದರು.

ಮೊದಲ ನಿಲ್ದಾಣ ಕೊಟ್ಟಿಗೆಯ ಹಿಂದೆ, ಹಂಚಿನ ಮಾಡಿನ ಕೆಳಗೆ. ಮಳೆ ತಾಗದ ಜಾಗದ ನುಣುಪು ಧೂಳಿನಲ್ಲಿ ಬೆರಳು ಹೋಗುವಷ್ಟು ಅಗಲದ ಸಣ್ಣ ಸಣ್ಣ ಕುಳಿಗಳು, ಆಲಿಕೆಯ ಆಕಾರ. ಚಿಕ್ಕವರಿದ್ದಾಗ ನಾವೆಲ್ಲ ಇದರಲ್ಲಿ ಕಡ್ಡಿ ಆಡಿಸಿದವರೇ. ಆದರೆ ಒಳಗಿರುವುದು ಯಾರ ಮರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ಆಂಟ್‌ಲಯನ್ ಎನ್ನುವ ರೆಕ್ಕೆಯ ಕೀಟದ ಮರಿ. ಕುಳಿಯ ಗೋಡೆಯನ್ನು ಧೂಳು ಇನ್ನೇನು ಜಾರುತ್ತದೆ ಎನ್ನುವಷ್ಟು ಕಡಿದಾಗಿ ಕಟ್ಟುತ್ತದೆ. ಇರುವೆ ಕಾಲಿಟ್ಟರೆ ಧೂಳಿನ ಜೊತೆ ಕೆಳಗೆ. ಮೇಲೆ ಹತ್ತಲು ಹೊರಟರೆ ಒಳಗಿನಿಂದ ಧೂಳು ಎರಚಿ ಮತ್ತೆ ಬೀಳಿಸುತ್ತದೆ. ನಮ್ಮ ಕಣ್ಣೆದುರೇ ಒಂದು ಕಪ್ಪಿರುವೆ ಹೀಗೆ ಮಾಯವಾಯಿತು. ಆಮೇಲೆ ಅವರು ಒಂದು ಕುಳಿಯ ಧೂಳನ್ನು ಚಮಚದಲ್ಲಿ ಎತ್ತಿ ಬಿಳಿ ತಟ್ಟೆಗೆ ಹಾಕಿದರು. ಬೂದು ಬಣ್ಣದ ಗುಂಡು ಮೈ, ಮುಂದೆ ಕುಡುಗೋಲಿನಂಥ ಎರಡು ದವಡೆ. ತಟ್ಟೆಯಲ್ಲಿ ಅದು ಹಿಮ್ಮುಖವಾಗಿಯೇ ನಡೆಯಿತು. ಆ ದವಡೆಗಳೊಳಗೆ ಕೊಳವೆ ಇದೆ, ಬೇಟೆಯ ಮೈಯನ್ನು ಒಳಗೇ ಕರಗಿಸಿ ಹೀರುತ್ತದೆ. ನನ್ನ ಹುಡುಗಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ ಸಂಗತಿ. ಮರಿಯಾಗಿ ಇರುವಷ್ಟೂ ಕಾಲ ಅದು ಮಲ ಹಾಕುವುದೇ ಇಲ್ಲ, ಹೊಟ್ಟೆಗೆ ಹಿಂಬಾಗಿಲು ತೆರೆದಿರುವುದಿಲ್ಲ. ರೆಕ್ಕೆ ಬಂದು ಹೊರಬಿದ್ದ ಮೇಲೆಯೇ ಎಲ್ಲ ಒಟ್ಟಿಗೆ. ಇದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದು ಆಗಲೇ ತೀರ್ಮಾನಿಸಿದಳು. ಮರಿಯನ್ನು ಎತ್ತಿದ ಜಾಗಕ್ಕೇ ವಾಪಸು ಬಿಟ್ಟರು. ನೋಡುತ್ತಿದ್ದಂತೆ ಹಿಮ್ಮುಖವಾಗಿ ಸುತ್ತು ಹಾಕುತ್ತಾ ಹೊಸ ಕುಳಿ ತೋಡಲು ಶುರುಮಾಡಿತು.

ಅಲ್ಲಿಂದ ಸೊಪ್ಪಿನ ಬೆಟ್ಟಕ್ಕೆ. ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಈ ತಿಂಗಳುಗಳಲ್ಲಿ ದರಕು, ಅಂದರೆ ತರಗೆಲೆ, ಗುಡಿಸುವುದು ದೊಡ್ಡ ಕೆಲಸ. ಉದುರಿದ ಎಲೆಯನ್ನೆಲ್ಲ ಒಟ್ಟು ಮಾಡಿ ಕೊಟ್ಟಿಗೆಗೆ, ಗೊಬ್ಬರಗುಂಡಿಗೆ ಸಾಗಿಸುತ್ತಾರೆ. ಇವರ ಬೆಟ್ಟದಲ್ಲಿ ಕೆಲವು ಕಡೆ ಗುಡಿಸಿದ್ದಾರೆ, ಕೆಲವು ಕಡೆ ಬೇಕೆಂದೇ ಬಿಟ್ಟಿದ್ದಾರೆ. ಎರಡರ ನಡುವಿನ ಗಡಿಯಲ್ಲಿ ನಿಲ್ಲಿಸಿ ಎರಡೂ ಕಡೆ ನೋಡಿ ಅಂದರು. ಗುಡಿಸಿದ ಕಡೆ ಕೆಂಪು ನೆಲ, ಗಟ್ಟಿಯಾಗಿ ಬಿರುಕುಬಿಟ್ಟಿದೆ, ಇರುವೆ ಬಿಟ್ಟರೆ ಏನೂ ಕಾಣದು. ಬಿಟ್ಟ ಕಡೆ ಮತ್ತಿ, ನಂದಿ, ಹೊನ್ನೆಯ ಎಲೆ ಪಾದ ಮುಳುಗುವಷ್ಟು. ಕಡ್ಡಿಯಿಂದ ಒಂದು ಪದರ ಸರಿಸಿದರೆ ಕೆಳಗಿನ ಎಲೆ ಇನ್ನೂ ಹಸಿ, ಸಣ್ಣ ಜಿರಲೆಗಳು, ಕೂದಲೆಳೆಯಷ್ಟು ಬಿಳಿ ಗೆದ್ದಲು, ಹೆಸರು ಗೊತ್ತಿಲ್ಲದ ಎಷ್ಟೋ. ಇದನ್ನು ಅವರು ಭಾಷಣ ಮಾಡಿ ಹೇಳಲಿಲ್ಲ. ಗೊಬ್ಬರಕ್ಕೆ ದರಕು ಬೇಕೇ ಬೇಕು, ತೋಟ ಇರುವುದೇ ಅದರಿಂದ ಅಂದರು. ವರ್ಷಕ್ಕೊಂದು ತುಂಡು ಬಿಡುತ್ತಾ, ಜಾಗ ಬದಲಿಸುತ್ತಾ ಬಂದಿದ್ದಾರಂತೆ. ತೋಟ ಮಾಡುವವರ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕ ಇತ್ತು.

ಆ ದರಕಿನ ನಡುವೆ ನಾನು ಈ ನಡಿಗೆಯಲ್ಲೇ ಅತಿ ಇಷ್ಟಪಟ್ಟ ಜೀವಿಯನ್ನು ನೋಡಿದೆ. ನೋಡಿದೆ ಅನ್ನುವುದಕ್ಕೂ ಮೊದಲು ಬಹಳ ಹೊತ್ತು ಹುಡುಕಿದೆವು. ಈ ಹೊನ್ನೆ ಮರದ ಬುಡದಿಂದ ಆ ಕಲ್ಲಿನ ತನಕ ಒಂದು ಚಿಟ್ಟೆ ಕೂತಿದೆ, ಯಾರೂ ಹೆಜ್ಜೆ ಮುಂದಿಡಬೇಡಿ, ಕಣ್ಣಲ್ಲೇ ಹುಡುಕಿ ಅಂದರು. ಎಂಟು ಜನ ನಿಂತು ಹುಡುಕಿದರೂ ಸಿಗಲಿಲ್ಲ. ಕೊನೆಗೆ ನನ್ನ ಹುಡುಗಿ, "ದೊಡ್ಡಮ್ಮಾ, ಆ ಎಲೆಗೆ ಕಾಲು ಇದೆ" ಅಂದಳು. ಒಣಗಿದ ಎಲೆಯದೇ ಕಂದು ಬಣ್ಣ, ನಡುನರದಂತೆ ಗೆರೆ, ಅಂಚಿನಲ್ಲಿ ಹರಿದಂತೆ ಒಂದು ಮೂಲೆ. ಈವ್ನಿಂಗ್ ಬ್ರೌನ್ ಎನ್ನುವ ಚಿಟ್ಟೆ. ಹೆಸರಿನಂತೆ ಹೊತ್ತು ಮುಳುಗುವ ವೇಳೆಗೆ ಹಾರುತ್ತದೆ. ಇದರ ಮರಿಹುಳ ಹುಲ್ಲು, ಭತ್ತದ ಗರಿ ತಿನ್ನುತ್ತದೆ. ಆಮೇಲೆ ಅವರು ಮೊಬೈಲಿನಲ್ಲಿ ಆಗಸ್ಟಿನಲ್ಲಿ ತೆಗೆದ ಫೋಟೊ ತೋರಿಸಿದರು, ಅದೇ ಜಾತಿ, ಅದೇ ಬೆಟ್ಟ. ಆ ಚಿಟ್ಟೆಯ ರೆಕ್ಕೆಯ ಕೆಳಮೈ ತುಂಬ ಕಣ್ಣಿನಂಥ ಚುಕ್ಕೆಗಳ ಸಾಲು, ಒಂದೊಂದೂ ಉಂಗುರ ಹಾಕಿದಂತೆ. ನಮ್ಮೆದುರು ಕೂತದ್ದರಲ್ಲಿ ಆ ಕಣ್ಣುಗಳೇ ಇಲ್ಲ.

ಕಾರಣ ಕೇಳಿದಾಗ ನನಗೆ ಈ ಇಡೀ ಋತುವೇ ಅರ್ಥವಾದಂತಾಯಿತು. ಮಳೆಗಾಲದಲ್ಲಿ ಎಲ್ಲ ಹಸಿರು, ಚಿಟ್ಟೆ ಓಡಾಡಬೇಕು, ಮೊಟ್ಟೆಯಿಡಬೇಕು, ಅಡಗುವುದು ಕಷ್ಟ. ಆಗ ರೆಕ್ಕೆಯಂಚಿನ ಕಣ್ಣುಗಳು ಹಲ್ಲಿಯ, ಹಕ್ಕಿಯ ಗಮನವನ್ನು ಮೈಯಿಂದ ಆಚೆಗೆ ಸೆಳೆಯುತ್ತವೆ. ಕಚ್ಚಿದರೆ ರೆಕ್ಕೆಯ ತುದಿ ಹೋಗುತ್ತದೆ, ಜೀವ ಉಳಿಯುತ್ತದೆ. ಒಣಗಾಲದಲ್ಲಿ ತರಗೆಲೆಯ ನಡುವೆ ಅಲುಗಾಡದೆ ಕೂರಬೇಕು, ಅಲ್ಲಿ ಕಣ್ಣುಚುಕ್ಕೆ ಇದ್ದರೆ ಸಿಕ್ಕಿಬೀಳುತ್ತದೆ. ಯಾವ ಉಡುಪು ಎನ್ನುವುದು ಮರಿಹುಳವಾಗಿದ್ದಾಗಿನ ಹವೆಯ ಮೇಲೆ ನಿಂತಿದೆ. ಒಂದೇ ತಾಯಿಯ ಸಂತಾನ ಮಳೆಗೊಂದು, ಬಿಸಿಲಿಗೊಂದು ಬಟ್ಟೆ ತೊಡುತ್ತದೆ. ನಾನು ವರ್ಷಗಟ್ಟಲೆ ಬಟ್ಟೆ ಕತ್ತರಿಸಿದವಳು. ಆ ಒಂದು ಎಲೆಯ ಮುಂದೆ ಬಹಳ ಹೊತ್ತು ನಿಂತೆ, ಯಾರೂ ಅವಸರ ಮಾಡಲಿಲ್ಲ. ಮಳೆಗಾಲದಲ್ಲಷ್ಟೇ ಬರುವವರಿಗೆ ಈ ಚಿಟ್ಟೆಯ ಅರ್ಧ ಕಥೆ ಮಾತ್ರ ಸಿಗುತ್ತದೆ.

ಅಲ್ಲಿಂದ ಮುಂದೆ ಒಂದು ಮಾವಿನ ಮರ. ಮಿಡಿ ಕೊಯ್ಯುವ ಕಾಲ, ಅಪ್ಪೆಮಿಡಿಯ ಮರ ಹತ್ತುವವರಿಗೆ ಚಗಳಿ ಇರುವೆಯ ಕಾಟ ಗೊತ್ತಿರುತ್ತದೆ. ಚಗಳಿ ಚಟ್ನಿ ತಿಂದವರೂ ನಮ್ಮ ಜಿಲ್ಲೆಯಲ್ಲಿ ಬೇಕಷ್ಟು ಇದ್ದಾರೆ. ಆದರೆ ಚಗಳಿ ಗೂಡು ಹೆಣೆಯುವುದನ್ನು ನಿಂತು ನೋಡಿದವರು ಎಷ್ಟು ಮಂದಿ? ತಲೆಯೆತ್ತರದ ಕೊಂಬೆಯಲ್ಲಿ ಹೊಸ ಗೂಡು ನಡೆಯುತ್ತಿತ್ತು. ಸಾಲಾಗಿ ನಿಂತ ಇರುವೆಗಳು ಒಂದು ಎಲೆಯ ಅಂಚನ್ನು ಕಾಲಿನಿಂದ ಹಿಡಿದು ಪಕ್ಕದ ಎಲೆಯ ಅಂಚನ್ನು ದವಡೆಯಿಂದ ಎಳೆಯುತ್ತಿವೆ. ನಡುವೆ ಜಾಗ ಹೆಚ್ಚಿದ್ದಲ್ಲಿ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿ. ಅಂಚುಗಳು ಕೂಡಿದ ಮೇಲೆ ಹೊಲಿಗೆ. ಅದಕ್ಕೆ ದಾರ ಬರುವುದು ಮರಿಗಳಿಂದ. ದೊಡ್ಡ ಇರುವೆ ತನ್ನ ಗೂಡಿನ ಬಿಳಿ ಮರಿಯೊಂದನ್ನು ಬಾಯಲ್ಲಿ ಕಚ್ಚಿ ತಂದು ಮೀಸೆಯಿಂದ ತಟ್ಟುತ್ತದೆ, ಮರಿ ರೇಷ್ಮೆ ಎಳೆ ಬಿಡುತ್ತದೆ, ಅದನ್ನು ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ತಾಗಿಸುತ್ತಾ ಹೋಗುತ್ತದೆ. ಲೆನ್ಸ್ ಇಟ್ಟು ನೋಡಿದರೆ ಬಿಳಿ ಬಲೆ ಒಂದೇ ಸಮ ಬಿಗಿಯಲ್ಲಿ, ಎಲ್ಲೂ ಸುಕ್ಕಿಲ್ಲ. ಆ ಮರಿಗಳು ತಮಗೆಂದು ಗೂಡು ಕಟ್ಟಿಕೊಳ್ಳುವುದಿಲ್ಲ, ಇದ್ದ ರೇಷ್ಮೆಯನ್ನೆಲ್ಲ ಮನೆಗೇ ಕೊಟ್ಟು ಬರಿಮೈಯಲ್ಲೇ ಕೋಶಾವಸ್ಥೆಗೆ ಹೋಗುತ್ತವೆ.

ಚೀನಾದಲ್ಲಿ ಕಿತ್ತಳೆ ಜಾತಿಯ ತೋಟಗಳ ರೈತರು ಎಷ್ಟೋ ಶತಮಾನದ ಹಿಂದೆಯೇ ಇದೇ ಇರುವೆಯ ಗೂಡುಗಳನ್ನು ತಂದು ಮರಕ್ಕೆ ಕಟ್ಟುತ್ತಿದ್ದರು, ಮರದಿಂದ ಮರಕ್ಕೆ ಬಿದಿರು ಹಾಸಿ ಓಡಾಡಲು ದಾರಿ ಮಾಡಿಕೊಡುತ್ತಿದ್ದರು. ಹಣ್ಣು ಕೆಡಿಸುವ ಹುಳಗಳನ್ನು ಇದು ಹಿಡಿದು ತಿನ್ನುತ್ತದೆ. ಚಗಳಿ ಗೂಡಿಗೆ ಬೆಂಕಿ ಹಾಕುವವರು ಇದನ್ನು ತಿಳಿಯಬೇಕು.

ಅದೇ ಕೊಂಬೆಯ ಮೇಲೆ ಉಳಿದವುಗಳ ಸಾಲು ಬಿಟ್ಟು ಒಂದು ಚಗಳಿ ಒಂಟಿಯಾಗಿ ಓಡಾಡುತ್ತಿತ್ತು. ಹುಡುಗಿಗೆ ಅವರು ಹೇಳಿದ್ದು ಇಷ್ಟೇ, ಕಾಲು ಎಣಿಸು. ಆರು ಕಾಲು, ಮುಂದೆ ಎರಡು ಮೀಸೆ ಅಂದಳು. ಮತ್ತೆ ನೋಡು ಅಂದರು. ಲೆನ್ಸ್ ಹಿಡಿದು ಉಸಿರು ಬಿಗಿಹಿಡಿದು ನೋಡಿ, "ಮೀಸೆ ಅಲ್ಲ, ಅದೂ ಕಾಲೇ! ಎಂಟು!" ಅಂತ ಕಿರುಚಿದಳು. ಕೀಟಕ್ಕೆ ಆರೇ ಕಾಲು, ಎಂಟು ಕಾಲಿನ ಅದು ಜೇಡ. ಚಗಳಿಯ ಬಣ್ಣ, ಚಗಳಿಯ ಸೊಂಟ, ಮುಂದಿನ ಎರಡು ಕಾಲನ್ನು ಎತ್ತಿ ಮೀಸೆಯಂತೆ ಆಡಿಸುತ್ತದೆ. ಚಗಳಿಯ ಕಡಿತಕ್ಕೆ ಹೆದರಿ ಹಕ್ಕಿ, ಕಣಜ ದೂರ ಇರುವುದರಿಂದ ಈ ವೇಷಕ್ಕೆ ರಕ್ಷಣೆ ಸಿಗುತ್ತದೆ. ಬೆರಳು ಹತ್ತಿರ ತಂದಾಗ ಇರುವೆ ಯಾವತ್ತೂ ಮಾಡದ ಕೆಲಸ ಮಾಡಿತು, ನೂಲು ಬಿಟ್ಟು ಕೆಳಗೆ ಜೋತುಬಿತ್ತು. "ಹಂಗಾದ್ರೆ ಉಣುಗೂ ಎಂಟು ಕಾಲಿನದ್ದು, ಕೀಟ ಅಲ್ಲ" ಎಂದು ಹುಡುಗಿ ತಾನಾಗಿ ಹೇಳಿದಳು. ಜಗುಲಿಯ ಪ್ರಶ್ನೆಯನ್ನು ಅವರು ಅಲ್ಲಿಯ ತನಕ ಹಾಗೇ ಇಟ್ಟಿದ್ದರು. ಒಳ್ಳೆಯ ಮೇಷ್ಟ್ರ ಲಕ್ಷಣ ಅದು.

ಹಳ್ಳದ ಹತ್ತಿರ ಬಂದಾಗ ಒಂಬತ್ತು ದಾಟಿತ್ತು, ಬಿಸಿಲು ಏರಿತ್ತು. ಹರಿವು ನಿಂತ ಹಳ್ಳದಲ್ಲಿ ಒಂದು ಗುಂಡಿ, ಸುತ್ತ ಹಸಿ ಮರಳು. ಆಸುಪಾಸಿನ ಕೀಟವೆಲ್ಲ ಆ ಒಂದು ಗುಂಡಿಯನ್ನೇ ನೆಚ್ಚಿಕೊಂಡಿದ್ದವು. ಕಪ್ಪು ರೆಕ್ಕೆಯ ನಡುವೆ ಆಕಾಶನೀಲಿ ಪಟ್ಟೆಯ ಬ್ಲೂಬಾಟಲ್ ಚಿಟ್ಟೆಗಳು, ತಿಳಿಹಳದಿಯ ಎಮಿಗ್ರಂಟ್‌ಗಳು, ಮರಳಿಗೆ ಸೊಂಡಿಲು ಊರಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು. ಹೆಚ್ಚಿನವು ಗಂಡು. ಹೂವಿನ ಮಕರಂದದಲ್ಲಿ ಸಿಗದ ಉಪ್ಪಿನಂಶವನ್ನು ಹಸಿಮಣ್ಣಿನಿಂದ ಹೀರಿ, ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ದಂಡೆಯಲ್ಲಿ ತುಡುವೆ ಜೇನು ನೀರು ಹೀರಿ ಹೀರಿ ಹಾರುತ್ತಿದ್ದವು. ಅದು ಬಾಯಾರಿಕೆಗಷ್ಟೇ ಒಯ್ಯುವ ನೀರಲ್ಲ. ಬಿಸಿಲು ಹೆಚ್ಚಿದಾಗ ಗೂಡಿನೊಳಗೆ ನೀರು ಹಚ್ಚಿ ರೆಕ್ಕೆ ಬೀಸಿ ಆರಿಸುತ್ತವೆ, ಮರಿಗಳಿಗೆ ತಂಪಾಗುತ್ತದೆ. ಪಕ್ಕದಲ್ಲೇ ಕುಂಬಾರ ಹುಳ ಕೆಸರನ್ನು ಉಂಡೆ ಕಟ್ಟಿ ಒಯ್ಯುತ್ತಿತ್ತು, ಗೂಡು ಕಟ್ಟಲು. ಮನೆಯ ಗೋಡೆಯ ಮೇಲೆ ನೋಡಿ ಕೆರೆದು ಹಾಕುವ ಆ ಮಣ್ಣಿನ ಗೂಡಿನೊಳಗೆ, ಮರಿಗೆ ತಿನ್ನಲೆಂದು ಚುಚ್ಚಿ ಅಲುಗಾಡದಂತೆ ಮಾಡಿದ ಹುಳಗಳನ್ನು ತುಂಬಿಟ್ಟಿರುತ್ತದೆ.

ಇಲ್ಲಿ ಅವರು ಒಂದು ನಿಯಮ ಇಟ್ಟಿದ್ದಾರೆ. ಗುಂಡಿಯಿಂದ ಹತ್ತು ಹೆಜ್ಜೆ ಆಚೆ ಬಂಡೆಯ ಮೇಲೆ ಕೂರಬೇಕು, ಹತ್ತಿರ ಹೋಗಲು ಒಬ್ಬೊಬ್ಬರಿಗೇ ಅವಕಾಶ, ಅದೂ ಬಗ್ಗಿಕೊಂಡು, ನೆರಳು ನೀರಿನ ಮೇಲೆ ಬೀಳದಂತೆ. ಫೋಟೊ ತೆಗೆಯುವವರಿಗೆ ಇದು ಕಿರಿಕಿರಿಯಾಗಬಹುದು. ಆದರೆ ಸುತ್ತಲಿಗೆಲ್ಲ ಉಳಿದಿರುವುದು ಅದೊಂದೇ ನೀರು. ಎಂಟು ಜನ ಸುತ್ತುವರಿದು ನಿಂತರೆ ಅವು ಎಲ್ಲಿಗೆ ಹೋಗಬೇಕು? ನಾವು ಕೂತಿದ್ದಾಗ ಕರ್ನಾಟಕದ ರಾಜ್ಯ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್, ತೋಟದ ಮೇಲಿಂದ ತೇಲಿ ಬಂದು ನಮ್ಮ ತಲೆ ದಾಟಿ ಹೋಯಿತು. ಕಪ್ಪು, ಹಳದಿ, ಅಂಗೈಗಿಂತ ದೊಡ್ಡದು. ಬೆಂಗಳೂರಿನವರಿಗೆ ಅದೇ ದಿನದ ದೊಡ್ಡ ಸಂಗತಿ. ಅದರ ಮರಿ ತಿನ್ನುವ ಈಶ್ವರಿ ಬಳ್ಳಿಯನ್ನು ಮನೆಯವರು ತೋಟದ ಅಂಚಿನಲ್ಲಿ ಹಬ್ಬಿಸಿದ್ದಾರೆ, ವಾಪಸು ಹೋಗುವಾಗ ತೋರಿಸಿದರು.

ಜೀರುಂಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿವಿಗೆ ಬಿಡುವೇ ಕೊಡಲಿಲ್ಲ, ಕೂಗುವುದು ಗಂಡು, ಹೊಟ್ಟೆಯ ಎರಡು ಬದಿಯ ಪೊರೆಯಿಂದ. ಕಣ್ಣಿಗೆ ಸಿಕ್ಕಿದ್ದು ಮರದ ಬೊಡ್ಡೆಗೆ ಅಂಟಿದ ಖಾಲಿ ಚಿಪ್ಪು ಮಾತ್ರ.

ಕೊನೆಯ ಮರ ಅತ್ತಿ. ನೆಲಕ್ಕೆ ಬಿದ್ದ ಒಂದು ಕಾಯನ್ನು ಬ್ಲೇಡಿನಿಂದ ಸೀಳಿ ಲೆನ್ಸ್ ಕೈಗೆ ಕೊಟ್ಟರು. ಒಳಗೆ ನೂರಾರು ಸಣ್ಣ ಹೂ, ಅವುಗಳ ನಡುವೆ ಸಾಸಿವೆಗಿಂತ ಸಣ್ಣ ಕಣಜಗಳು. ಹೆಣ್ಣು ಕಣಜ ಕಾಯಿಯ ಮೂತಿಯ ಕಿರುದಾರಿಯಲ್ಲಿ ನುಗ್ಗುವಾಗಲೇ ರೆಕ್ಕೆ ಕಳೆದುಕೊಳ್ಳುತ್ತದೆ, ಒಳಗೆ ಪರಾಗ ಹಾಕಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅಲ್ಲೇ ಹುಟ್ಟುವ ಗಂಡಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳಿಗೆ ಹೊರಹೋಗಲು ದಾರಿ ಕೊರೆದುಕೊಡುವುದೇ ಅದರ ಕೊನೆಯ ಕೆಲಸ. ಪರಾಗ ಹೊತ್ತ ಹೆಣ್ಣುಗಳು ಹಾರಿ ಇನ್ನೊಂದು ಅತ್ತಿ ಮರ ಹುಡುಕುತ್ತವೆ. ಬೇರೆ ಹಣ್ಣಿಲ್ಲದ ಈ ತಿಂಗಳುಗಳಲ್ಲಿ ಮಂಗ, ಮಂಗಟ್ಟೆ, ಬಾವಲಿಗಳ ಹೊಟ್ಟೆ ತುಂಬುವ ಮರ ಇದು. ಅತ್ತಿಯೊಳಗೆ ಹುಳ ಎಂದು ಎಸೆಯುತ್ತೇವಲ್ಲ, ಆ ಹುಳ ಇಲ್ಲದೆ ಅತ್ತಿಯ ಬೀಜವೇ ಕಟ್ಟುವುದಿಲ್ಲ.

ತಿಂಡಿ ತೆಳ್ಳೇವು, ಜೋನಿಬೆಲ್ಲ, ತುಪ್ಪ. ಹೊಟ್ಟೆತುಂಬ ಬಡಿಸಿದರು. ಹೋದ ಕೂಡಲೇ ಆಸರಿಗೆ ಎಂದು ಬೆಲ್ಲ, ಮಜ್ಜಿಗೆ ಎರಡೂ ಕೊಟ್ಟಿದ್ದರು. ಅದರಲ್ಲಿ ಕೊರತೆ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಎಂಟು ಜನ ಹೆಚ್ಚಾಯಿತು. ಚಗಳಿ ಗೂಡಿನ ಮುಂದೆ ಒಂದೇ ಲೆನ್ಸಿಗೆ ಸಾಲು ನಿಂತು ಹಿಂದಿನವರ ಸರದಿ ಬರುವಷ್ಟರಲ್ಲಿ ಜೇಡ ಹೊರಟುಹೋಗಿತ್ತು. ಐದು ಜನಕ್ಕೆ ಇಳಿಸಿ ₹1000 ತೆಗೆದುಕೊಂಡರೂ ನಾನು ಕೊಡುತ್ತೇನೆ. ಇಲ್ಲವೇ ಹತ್ತು ಪಟ್ಟು ದೊಡ್ಡದು ಮಾಡುವ ಕೈಲೆನ್ಸುಗಳನ್ನು ಇನ್ನೂ ಮೂರ್ನಾಲ್ಕು ಇಟ್ಟುಕೊಳ್ಳಲಿ, ಅಷ್ಟೇನೂ ದುಬಾರಿಯಲ್ಲ. ಅದನ್ನು ಹಿಡಿಯುವ ರೀತಿಯನ್ನೂ ಹೊರಡುವಾಗಲೇ ಎಲ್ಲರಿಗೂ ಕಲಿಸಬೇಕು. ಲೆನ್ಸನ್ನು ಕೀಟದ ಹತ್ತಿರ ಹಿಡಿದರೆ ಏನೂ ಕಾಣುವುದಿಲ್ಲ, ಕಣ್ಣಿಗೇ ಒತ್ತಿಕೊಂಡು ತಲೆ ಸಮೇತ ಮುಂದೆ ಬಗ್ಗಬೇಕು. ನಮ್ಮ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ಇದು ತಿಳಿದದ್ದು ಹಳ್ಳ ಮುಟ್ಟಿದ ಮೇಲೆ.

ಹೊರಟದ್ದು ಏಳೂಕಾಲಿಗೆ, ಅದು ತಡ. ಆರೂವರೆಗೆ ಹೊರಟರೆ ಬೆಟ್ಟದ ಭಾಗ ತಂಪಿನಲ್ಲಿ ಮುಗಿಯುತ್ತದೆ. ಹಳ್ಳಕ್ಕೆ ಇಳಿಯುವ ದರೆಯ ಹತ್ತಿರ ಮೆಟ್ಟಿಲು ಕಡಿದಿಲ್ಲ, ಮೊಣಕಾಲು ನೋವಿನವರಿಗೆ ಕಷ್ಟ. ಮೇಲೆ ಕೂತು ಕಾಯಲು ಜಾಗವೂ ಇಲ್ಲ. ಸೆಂಟು ಹಾಕಿಕೊಂಡು ಬರಬೇಡಿ ಎಂದು ಫೋನಿನಲ್ಲೇ ಹೇಳಬೇಕಿತ್ತು. ದಾರಿಯಲ್ಲಿ ಎತ್ತರದ ಮರದಲ್ಲಿ ಹೆಜ್ಜೇನಿನ ತಟ್ಟಿ ಇತ್ತು, ಬಂದವರಲ್ಲಿ ಒಬ್ಬರ ಸೆಂಟಿನ ವಾಸನೆ ಘಮ್ಮೆನ್ನುತ್ತಿತ್ತು, ಅವರಿಂದಾಗಿ ಸುತ್ತು ಬಳಸಿ ಹೋಗಬೇಕಾಯಿತು. ಬಳಸಿ ಹೋದದ್ದು ಸರಿಯೇ, ಹೆಜ್ಜೇನಿನ ಹತ್ತಿರ ಹಟ ಸಲ್ಲದು.

ರಾತ್ರಿ ನಡಿಗೆಗೆ ನಾನು ಅಷ್ಟು ಅಂಕ ಕೊಡುವುದಿಲ್ಲ. ಮೊದಲರ್ಧ ಚೆನ್ನಾಗಿತ್ತು, ನೇರಳೆ ಬೆಳಕಿನ ಟಾರ್ಚು ಬಿಟ್ಟಾಗ ಕಲ್ಲುಕಟ್ಟೆಯ ಸಂದಿನಲ್ಲಿ ಚೇಳು ಹಸಿರಾಗಿ ಹೊಳೆದದ್ದನ್ನು ಹುಡುಗಿ ಮರೆಯುವುದಿಲ್ಲ. ಎಂಟು ಕಾಲು ಎಂದು ತಾನೇ ಎಣಿಸಿ ಹೇಳಿದಳು. ಆಮೇಲೆ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿ ಪತಂಗಗಳನ್ನು ಕರೆಯುವುದು. ಬಂದವು, ಬಹಳ ಚೆಂದದವೂ ಬಂದವು. ಆದರೆ ದೀಪವನ್ನು ಊಟ ಮುಗಿದು ಮಾತು ಮುಗಿಯುವ ತನಕ ಉರಿಸಿಯೇ ಇಟ್ಟರು. ಬೆಳಕಿಗೆ ಸಿಕ್ಕ ಪತಂಗ ತಿನ್ನುವುದಿಲ್ಲ, ಜೊತೆ ಹುಡುಕುವುದಿಲ್ಲ, ಸುತ್ತಿ ಸುತ್ತಿ ಸುಸ್ತಾಗಿ ಕೂರುತ್ತದೆ. ಪಂಚೆಯ ಅಂಚಿನಲ್ಲಿ ಹಲ್ಲಿಗಳು ಆಗಲೇ ಬಂದು ಕಾದಿದ್ದವು. ಅವುಗಳಲ್ಲಿ ಹಲವು ರೆಕ್ಕೆ ಬಂದ ಮೇಲೆ ಕೆಲವೇ ದಿನ ಬದುಕುವ ಜೀವಗಳು, ಅವುಗಳ ಒಂದು ರಾತ್ರಿ ಕಸಿಯುವುದು ಸಣ್ಣ ಮಾತಲ್ಲ. ಹಗಲಿನಲ್ಲಿ ಒಂದು ಗುಂಡಿ ನೀರಿಗೆ ಅಷ್ಟು ಕಾಳಜಿ ತೋರಿದವರು ರಾತ್ರಿಯೂ ಅದನ್ನೇ ತೋರಬೇಕು. "ಅರ್ಧ ತಾಸು ಸಾಕಲ್ಲ ತಮ್ಮಾ" ಅಂದೆ. "ಹೌದು ಅಕ್ಕಾ, ಬಂದವರು ಇನ್ನೂ ಬೇಕು ಅಂತಾರೆ, ಇಲ್ಲ ಅನ್ನೂಕೆ ಆಗೂದಿಲ್ಲ" ಅಂದರು. ಕೂಡಲೇ ಎದ್ದು ಹೋಗಿ ದೀಪ ಆರಿಸಿದರು. ಅದು ನಿಯಮವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೋಗುವವರು ಇನ್ನೂ ಬೇಕು ಅನ್ನಬೇಡಿ.

ಇಷ್ಟೇ ಇಷ್ಟು ಜಾತಿ ತೋರಿಸಬೇಕು ಎಂದು ಲೆಕ್ಕ ಹಿಡಿದು ಬರುವವರಿಗೆ ಈ ನಡಿಗೆ ಆಗಿಬರುವುದಿಲ್ಲ. ಮೂರು ತಾಸಿನಲ್ಲಿ ನಡೆದ ದೂರ ಒಂದೂವರೆ ಕಿಲೋಮೀಟರ್ ಇದ್ದೀತು. ತೀರಾ ಚಿಕ್ಕ ಮಕ್ಕಳನ್ನು ಉಣುಗಿನ ಕಾಲದಲ್ಲಿ ಕರೆದೊಯ್ಯಬೇಡಿ ಎಂಬುದು ನನ್ನ ಅಭಿಪ್ರಾಯ, ಮನೆಯವರೂ ಎಂಟು ವರ್ಷದ ಕೆಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ. ಕುಮಟಾ, ಕಾರವಾರ ಕಡೆಯಿಂದ ಹೋಗುವವರು ಹಿಂದಿನ ರಾತ್ರಿಯೇ ಶಿರಸಿ ಸೇರಿಕೊಳ್ಳಿ, ಬೆಳಗಿನ ಮೊದಲ ಬಸ್ಸು ಹಿಡಿದರೂ ಹೊತ್ತಿಗೆ ಸರಿಯಾಗಿ ಮುಟ್ಟುವುದು ಕಷ್ಟ. ಹಳೆಯ ತಿಳಿಬಣ್ಣದ ಪೂರ್ತಿ ತೋಳಿನ ಅಂಗಿ, ಉದ್ದ ಸಾಕ್ಸು, ನೀರು, ಸಾಧ್ಯವಾದರೆ ನಿಮ್ಮದೇ ಲೆನ್ಸು. ಹೆಸರು ಬರೆಸುವಾಗ ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಎಂದು ನೀವೇ ಕೇಳಿ, ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ.

ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆ ಬಿದ್ದ ಮೇಲೆ ಈ ನಡಿಗೆ ನಿಲ್ಲಿಸಿ ಮಿಂಚುಹುಳದ ರಾತ್ರಿ ಶುರು ಮಾಡುತ್ತಾರಂತೆ, ಮೇ ಕೊನೆಯ ತನಕ. ಅದಕ್ಕೆ ಟಾರ್ಚೂ ಇಲ್ಲ, ಪಂಚೆಯೂ ಇಲ್ಲ, ಕತ್ತಲಲ್ಲಿ ಕೂರುವುದಷ್ಟೇ ಎಂದು ಮನೆಯ ಅಮ್ಮ ಹೇಳಿದರು. ಹುಡುಗಿ ನನ್ನನ್ನು ಕೇಳದೆಯೇ ಇಬ್ಬರ ಹೆಸರನ್ನೂ ಬರೆಸಿಬಿಟ್ಟಿದ್ದಾಳೆ. ಐದೇ ಜನರನ್ನು ಕರೆಯಿರಿ ಎಂದು ನಾನು ಹೇಳಿ ಬಂದಿದ್ದೇನೆ.